ಟ್ರಂಕಿನ ತಳದ ಜಪಾನೀ ಬಾಕು

ಊರು ಬಿಟ್ಟು ಊರಿಗೆ ಸಂಸಾರ ಸಾಗಿಸುವ ನಮ್ಮಂಥವರ ಮನೆಗಳಲ್ಲಿ ವರ್ಷಗಟ್ಟಲೆ ಮುಚ್ಚಳ ತೆರೆಯದ ಟ್ರಂಕೊಂದು ಇದ್ದೇ ಇರುತ್ತದೆ. ಅದರ ತಳದಲ್ಲಿ ಅಜ್ಜನ ಪದಕಗಳು, ಹಳೆಯ ಪಾಸುಪುಸ್ತಕ, ಯಾರದೆಂದು ಯಾರೂ ಹೇಳಲಾರದ ಒಂದು ಫೋಟೋ. ಪುಣೆ, ಸಿಕಂದರಾಬಾದಿನಂಥ ದಂಡಿನ ಊರುಗಳಲ್ಲಿ ನೆಲೆಸಿದ ಕೆಲವರ ಟ್ರಂಕಿನಲ್ಲಿ ಇವುಗಳ ಜೊತೆಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಜಪಾನೀ ಬಾಕೂ ಇರುವುದುಂಟು. ತುದಿ ಮುರಿದಿರುತ್ತದೆ, ಬಾಯಿ ಹಲ್ಲುಹಲ್ಲಾಗಿರುತ್ತದೆ, ಮೈತುಂಬ ತುಕ್ಕು. ಗುಜರಿಗೆ ಹಾಕೋಣವೇ, ಗಾಜಿನ ಪೆಟ್ಟಿಗೆಯಲ್ಲಿ ಇಡೋಣವೇ ಎಂಬ ಚರ್ಚೆ ನಡೆಯುತ್ತದೆ.

ಅದು ಇಲ್ಲಿಗೆ ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. 1876ರಲ್ಲಿ ಜಪಾನಿನ ಸರಕಾರ ಸಮುರಾಯಿಗಳು ಬೀದಿಯಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಆದರೆ ಸೇನೆಯ ಅಧಿಕಾರಿಗಳಿಗೆ ಕತ್ತಿ ಉಳಿಯಿತು. ಎರಡನೆಯ ಮಹಾಯುದ್ಧಕ್ಕೆ ಹೊರಟವರಲ್ಲಿ ಅನೇಕರು ಮನೆತನದ ಹಳೆಯ ಅಲಗಿಗೆ ಹೊಸ ಹಿಡಿ, ಹೊಸ ಒರೆ ಹಾಕಿಸಿಕೊಂಡು ಬಂದರು. ಬರ್ಮಾದಲ್ಲಿ ಅವರಿಗೆ ಎದುರಾದ ಸೈನ್ಯದ ಬಹುಭಾಗ ಭಾರತೀಯರದೇ. 1945ರಲ್ಲಿ ಅರಾಕಾನಿನ ಕಾಂಗಾವ್ ಕಾಳಗದಲ್ಲಿ ನಮ್ಮ ಕೊಡಗಿನ ತಿಮ್ಮಯ್ಯನವರು ಒಂದು ಪಟಾಲಮಿನ ನಾಯಕರಾಗಿದ್ದುದು ವಾಚಕರಿಗೆ ತಿಳಿದೇ ಇದೆ. ಅದೇ ವರ್ಷ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಶರಣಾಗತಿಯ ಸಹಿ ಆಯಿತು. ಅಧಿಕಾರಿಗಳು ಕತ್ತಿಗಳನ್ನು ಒಪ್ಪಿಸಬೇಕೆಂದು ಮೌಂಟ್‌ಬ್ಯಾಟನ್ ಪಟ್ಟು ಹಿಡಿದಿದ್ದರು. ಹೀಗೆ ಕೈ ಬದಲಾದವು ಎಷ್ಟೋ.

ಇನ್ನು ಪರೀಕ್ಷೆಯ ವಿಷಯ. ಮೊದಲು ಅಳತೆ. ಅಲಗಿನ ಬೆನ್ನು ಹಿಡಿಯ ಕಡೆ ಕಚ್ಚಾಗಿ ತಗ್ಗುವ ಜಾಗದಿಂದ ಮೊನೆಯವರೆಗೆ ನೇರಗೆರೆಯಲ್ಲಿ ಅಳೆಯಬೇಕು. ಜಪಾನಿನ ಒಂದು ಶಾಕುವಿಗೆ, ಎಂದರೆ 30.3 ಸೆಂಟಿಮೀಟರಿಗೆ, ಮೀರದಿದ್ದರೆ ಅದು ತಾಂತೊ, ಬಾಕು. ಅದನ್ನು ಮೀರಿ ಎರಡು ಶಾಕುವಿನವರೆಗೆ ವಾಕಿಝಾಶಿ. ಅದಕ್ಕೂ ಉದ್ದವಾದುದು ಕತ್ತಿ. ಸಮುರಾಯಿ ಮನೆತನದ ಹೆಂಗಸರು ಉಡುಪಿನೊಳಗೆ ಇಟ್ಟುಕೊಳ್ಳುತ್ತಿದ್ದ ಪುಟ್ಟ ಬಾಕಿಗೆ ಕೈಕೆನ್ ಎಂದು ಬೇರೆ ಹೆಸರೇ ಇದೆ.

ಹೊರಗಿನ ಅಲಂಕಾರ ನೋಡಿ ಮಾರುಹೋಗಬಾರದು. ಮೂಳೆಯ ಒರೆ, ಅದರ ಮೇಲೆ ಕಿಕ್ಕಿರಿದ ಕೆತ್ತನೆ, ಒಳಗೆ ಹದವಿಲ್ಲದ ಬರಿಯ ಕಬ್ಬಿಣ—ಇಂಥ ಬಾಕುಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದೇಶೀ ಯಾತ್ರಿಕರಿಗೆ ಮಾರಲೆಂದೇ ಮಾಡುತ್ತಿದ್ದರು. ಇದಕ್ಕೆ ತಿರುಗುಮುರುಗಾಗಿ, ಬಣ್ಣಗೆಟ್ಟ ಸಾದಾ ಮರದ ಒರೆಯಲ್ಲಿ ಆರುನೂರು ವರ್ಷದ ಅಲಗು ಮಲಗಿರಬಹುದು. ಜಪಾನರು ಒಳ್ಳೆಯ ಅಲಗನ್ನು ವಿಶ್ರಾಂತಿಗೆ ಇಡುವುದೇ ಹಾಗೆ ಸಾದಾ ಮರದಲ್ಲಿ.

ನಿಜವಾದ ಸಾಕ್ಷಿ ಇರುವುದು ಹಿಡಿಯೊಳಗೆ. ಹಿಡಿಗೆ ಅಡ್ಡಲಾಗಿ ಒಂದು ಬಿದಿರಿನ ಗೂಟವಿರುತ್ತದೆ. ಮರದ ಕಡ್ಡಿಯಿಂದ ಅದನ್ನು ಮೆಲ್ಲಗೆ ತಳ್ಳಿದರೆ ಹಿಡಿ ಕಳಚಿ ಬರುತ್ತದೆ. ಬಾರದಿದ್ದರೆ ಬಲಾತ್ಕಾರ ಮಾಡದೆ ತಿಳಿದವರಿಗೆ ಬಿಡಬೇಕು. ಒಳಗೆ ಕಾಣುವ ಅಲಗಿನ ಬಾಲವನ್ನು ನಕಾಗೊ ಎನ್ನುತ್ತಾರೆ. ಅದರ ತುಕ್ಕಿನ ಬಣ್ಣವೇ ಬಾಕಿನ ಜಾತಕ. ಶತಮಾನಗಳ ತುಕ್ಕು ಕಪ್ಪುಗಂದಾಗಿ, ನಯವಾಗಿ, ಕಬ್ಬಿಣಕ್ಕೇ ಚರ್ಮ ಬಂದಂತೆ ಕೂತಿರುತ್ತದೆ. ನಿನ್ನೆ ಮೊನ್ನೆಯದು ಕಿತ್ತಳೆಯ ಬಣ್ಣ, ಪುಡಿಪುಡಿ. ಆ ಕಪ್ಪಿನಡಿಯಲ್ಲಿ ಅರದ ಗೆರೆಗಳು ಓರೆಯಾಗಿಯೋ ಅಡ್ಡಲಾಗಿಯೋ ಕಾಣುತ್ತವೆ. ಯಾವ ಪರಂಪರೆಯ ಕಮ್ಮಾರ ಹೇಗೆ ಅರ ಹಾಕುತ್ತಿದ್ದನೆಂಬುದು ಬಲ್ಲವರಿಗೆ ಗೊತ್ತು. ಕಮ್ಮಾರನ ಹೆಸರು, ಊರು, ಕೆಲವೊಮ್ಮೆ ವರ್ಷವೂ ಅಲ್ಲೇ ಕೊರೆದಿರುತ್ತದೆ. ಹೆಸರಿದೆ ಎಂದು ಹಿಗ್ಗಬೇಕಾಗಿಲ್ಲ. ಹೆಸರಾಂತ ಕಮ್ಮಾರರ ಕಳ್ಳ ಸಹಿಗಳಿಗೆ ಜಪಾನಿನಲ್ಲಿ ಲೆಕ್ಕವಿಲ್ಲ. ಹೆಸರಿಲ್ಲವೆಂದು ಕುಗ್ಗಬೇಕಾಗಿಯೂ ಇಲ್ಲ. ಹೆಸರಿಲ್ಲದ ಉತ್ತಮ ಅಲಗುಗಳೂ ಬೇಕಾದಷ್ಟು ಇವೆ. ಆದರೆ ಅಕ್ಷರಗಳ ಬದಲಿಗೆ ಸಣ್ಣ ಮುದ್ರೆಯೊಂದು ಒತ್ತಿದ್ದರೆ, ಅದು ಬಹುಶಃ ಯುದ್ಧಕಾಲದಲ್ಲಿ ತಯಾರಾದ ಮಾಲು.

ಇಲ್ಲಿಯೇ ನಮ್ಮ ಗೃಹಿಣಿಯರಲ್ಲಿ ಒಂದು ಬಿನ್ನಹ. ಆಯುಧಪೂಜೆಯ ಹಿಂದಿನ ದಿನ ಮನೆಯ ಮಚ್ಚು, ಕುಡುಗೋಲು, ಈಳಿಗೆಮಣೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕುವುದು ನಮ್ಮ ಪದ್ಧತಿ. ಪುಣೆಯಲ್ಲಿ ನಮ್ಮ ಪರಿಚಯದ ಒಂದು ಮನೆಯಲ್ಲಿ ಅಜ್ಜ ಬರ್ಮಾದಿಂದ ತಂದ ಬಾಕಿಗೂ ವರ್ಷವರ್ಷ ಈ ಅಭ್ಯಂಜನ ನಡೆಯುತ್ತಿತ್ತು. ಒಂದು ವರ್ಷ ಸೊಸೆ ಹಿಡಿಯನ್ನೂ ಕಳಚಿ, ಬಾಲವನ್ನು ಮರಳು ಕಾಗದದಿಂದ ಬೆಳ್ಳಿಯ ಹಾಗೆ ಬೆಳಗಿಸಿದಳು. ಶ್ರದ್ಧೆಯಿಂದಲೇ ಮಾಡಿದ ಕೆಲಸ. ಬರ್ಮಾದ ಮಳೆ ಮಾಡದ ಹಾನಿ ಆ ಒಂದು ಮಧ್ಯಾಹ್ನದಲ್ಲಿ ಆಯಿತು. ಅರದ ಗೆರೆ ಹೋಯಿತು, ಎರಡು ಅಕ್ಷರಗಳ ಅಂಚು ಸವೆಯಿತು, ವಯಸ್ಸು ಹೇಳುತ್ತಿದ್ದ ಕಪ್ಪು ಚರಂಡಿಗೆ ಹರಿಯಿತು. ಆ ಮನೆಯ ಹುಡುಗ ನನ್ನನ್ನು ಕೇಳಿದ: “ಮಾಮಾ, ಈಗ ಹೊಳೀತಾ ಇದೆಯಲ್ಲ, ಬೆಲೆ ಹೆಚ್ಚಲ್ಲವೇ?” ಉತ್ತರ ಹೇಳಲು ನಾಲಿಗೆ ಏಳಲಿಲ್ಲ. ಅಲಗಿಗೆ ಮತ್ತೆ ಸಾಣೆ ಹಿಡಿಸಬಹುದು. ಬಾಲದ ತುಕ್ಕನ್ನು ಮಾತ್ರ ಜಪಾನಿನ ಸಾಣೆಗಾರರೂ ಮುಟ್ಟುವುದಿಲ್ಲ.

ಅಲಗಿನ ಗಾಯಗಳಲ್ಲಿ ವಾಸಿಯಾಗುವುದು ಯಾವುದು, ಆಗದ್ದು ಯಾವುದು ಎಂದು ತಿಳಿಯಬೇಕಾದರೆ ಅದಕ್ಕೆ ಹದ ಕೊಡುವ ರೀತಿಯನ್ನು ತಿಳಿಯಬೇಕು. ಉಕ್ಕನ್ನು ಮಡಿಚಿ ಮಡಿಚಿ ಬಡಿದು ಅಲಗು ಮಾಡಿದ ಮೇಲೆ ಕಮ್ಮಾರ ಅದಕ್ಕೆ ಜೇಡಿಮಣ್ಣು ಮೆತ್ತುತ್ತಾನೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕೆಂಪಗೆ ಕಾಸಿ ನೀರಿಗೆ ಅದ್ದಿದಾಗ ತೆಳುಮಣ್ಣಿನ ಬಾಯಿ ತಟ್ಟನೆ ತಣಿದು ಬಹಳ ಗಡುಸಾಗುತ್ತದೆ. ಬೆನ್ನು ನಿಧಾನವಾಗಿ ತಣಿದು ಬಾಗಬಲ್ಲ ಮೆದುತನ ಉಳಿಸಿಕೊಳ್ಳುತ್ತದೆ. ಇವೆರಡರ ಗಡಿಯಲ್ಲಿ ಮುಂಜಾನೆಯ ಮಂಜಿನಂತೆ ಒಂದು ಬಿಳಿಯ ಗೆರೆ ಮೂಡುತ್ತದೆ. ಅದೇ ಹಾಮೊನ್. ಕತ್ತಲೆ ಕೋಣೆಯಲ್ಲಿ ಒಂದೇ ದೀಪದ ಕಡೆಗೆ ಅಲಗನ್ನು ಓರೆಯಾಗಿ ಹಿಡಿದರೆ, ತುಕ್ಕಿನ ನಡುವೆಯೂ ಅಲ್ಲಲ್ಲಿ ಅದು ಕಾಣಿಸೀತು.

ಆ ಗೆರೆ ಇರುವ ತನಕ ಅಲಗಿಗೆ ಜೀವವಿದೆ. ಬಾಯಿಯ ಹಲ್ಲುಗಳು ನೋಡಲು ಭಯಂಕರವಾದರೂ ಗಡುಸು ಪಟ್ಟಿಯ ಅಗಲದೊಳಗೇ ಇದ್ದರೆ ಸಾಣೆಯಲ್ಲಿ ಹೋಗುತ್ತವೆ. ಮೇಲುಮೇಲಿನ ತುಕ್ಕೂ ಹಾಗೆಯೇ. ತುದಿ ಮುರಿದಿದ್ದರೆ ನೋಡಬೇಕಾದುದು, ಬಿಳಿಯ ಗೆರೆ ಮೊನೆಯಲ್ಲಿ ಬೆನ್ನಿನ ಕಡೆಗೆ ತಿರುಗುವ ಭಾಗ ಉಳಿದಿದೆಯೇ ಎಂದು. ಸ್ವಲ್ಪ ಉಳಿದಿದ್ದರೂ ಮೊನೆಯನ್ನು ಹಿಂದಕ್ಕೆ ಸರಿಸಿ ರೂಪಿಸಬಹುದು. ಪೂರ್ತಿ ಹೋಗಿದ್ದರೆ ಬೆಲೆ ಬಹಳ ಇಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೆ ಬೀಳುವುದೇ ಇಲ್ಲ. ಬಾಯಿಗೆ ಅಡ್ಡಲಾಗಿ ಕೂದಲೆಳೆಯಷ್ಟು ಸಣ್ಣ ಬಿರುಕು, ಉಗುರಿಗೂ ಸಿಕ್ಕದಂಥದು. ಇದಕ್ಕೆ ಹಾಗಿರೆ ಎಂದು ಹೆಸರು. ನಮ್ಮ ಕಿವಿಗೆ ಹಳೆಯ ಕಾವ್ಯದ ಮಾತಿನಂತೆ ಕೇಳಿದರೂ ಜಪಾನಿಯಲ್ಲಿ ಇದರ ಅರ್ಥ ಬಾಯಿ ಕಡಿದದ್ದು ಎಂದು. ಬಿರುಕು ಒಳಕ್ಕೆ ಹೋಗಿರುವುದರಿಂದ ಸಾಣೆಗೆ ಅದು ಬಗ್ಗದು. ಹತ್ತು ಹಲ್ಲುಗಳಿರುವ ಬಾಕಿಗಿಂತ ಒಂದು ಹಾಗಿರೆ ಇರುವ ಬಾಕು ಕೀಳು.

ಬೆಂಕಿಗೆ ಬಿದ್ದ ಅಲಗಿನದು ಇನ್ನೊಂದು ಕಥೆ. ಶಾಖ ತಗುಲಿದರೆ ಗಡುಸು ಇಳಿದು ಬಿಳಿಯ ಗೆರೆಯೇ ಅಳಿಸಿಹೋಗುತ್ತದೆ. ಮತ್ತೆ ಮಣ್ಣು ಮೆತ್ತಿ ಹದ ಕೊಡಬಹುದು, ಆದರೆ ಮೊದಲ ಕಮ್ಮಾರನ ಕೈವಾಡ ತಿರುಗಿ ಬಾರದು. ಬೆಲೆ ಕಟ್ಟುವವರು ಅಂಥದನ್ನು ಸಾಮಾನ್ಯವಾಗಿ ಬದಿಗಿಡುತ್ತಾರೆ. ಇದಕ್ಕೊಂದು ಅಪವಾದ ನೋಡಿ. ಹದಿಮೂರನೆಯ ಶತಮಾನದಲ್ಲಿ ಕ್ಯೋಟೋದ ಅವಾತಗುಚಿ ಮನೆತನದ ಯೋಶಿಮಿತ್ಸು ಬಾಕು ಮಾಡುವುದರಲ್ಲಿ ಎತ್ತಿದ ಕೈ. ಅವನದೆನ್ನುವ ನಮಾಝುಓ ಎಂಬ ವಾಕಿಝಾಶಿ, 1615ರಲ್ಲಿ ಓಸಾಕಾ ಕೋಟೆ ಬಿದ್ದಾಗ ಸುಟ್ಟಿತು. ಗೆದ್ದ ತೊಕುಗಾವಾ ಇಯೆಯಾಸು ಅದನ್ನು ಎಸೆಯಲಿಲ್ಲ. ಯಸುತ್ಸುಗು ಎಂಬ ಕಮ್ಮಾರನಿಂದ ಮತ್ತೆ ಹದ ಕೊಡಿಸಿದ. ಇಂದು ಅದು ನಗೋಯಾದ ತೊಕುಗಾವಾ ಕಲಾಸಂಗ್ರಹಾಲಯದಲ್ಲಿದೆ. ಎಲ್ಲರ ಮನೆಯ ಸುಟ್ಟ ಬಾಕಿಗೂ ಈ ಯೋಗವಿಲ್ಲವೆನ್ನಿ.

ಕೆಲವೊಮ್ಮೆ ಬಾಕು ಎಂದುಕೊಂಡದ್ದು ಹುಟ್ಟಿನಿಂದ ಬಾಕಾಗಿರುವುದೇ ಇಲ್ಲ. ಮುರಿದ ಉದ್ದ ಕತ್ತಿಯ ತುದಿಯನ್ನು ಕೆತ್ತಿ ಬಾಲ ಮಾಡಿಕೊಂಡದ್ದಾಗಿರುತ್ತದೆ. ಗಡುಸು ಗೆರೆ ಹಿಡಿಯ ಹತ್ತಿರ ನಿಲ್ಲದೆ ಬಾಲದೊಳಕ್ಕೂ ಹೊಕ್ಕಿದ್ದರೆ ಈ ಸಂಶಯಕ್ಕೆ ಎಡೆಯುಂಟು.

ಸಾಣೆ ಎಂದೆನಲ್ಲ, ಅದು ನಮ್ಮ ಬೀದಿಯಲ್ಲಿ ಚಕ್ರ ತುಳಿಯುತ್ತಾ ಬರುವ ಸಾಣೆಯವನ ಕೆಲಸವಲ್ಲ. ಅವನ ಚಕ್ರದಿಂದ ಹಾರುವ ಒಂದೊಂದು ಕಿಡಿಯೂ ಬಾಕಿನ ಹದವನ್ನು ಸುಡುತ್ತದೆ. ಜಪಾನಿನಲ್ಲಿ ಇದು ವರ್ಷಾನುಗಟ್ಟಲೆ ಕಲಿಯುವ ವಿದ್ಯೆ. ಒರಟಿನಿಂದ ನಯದವರೆಗೆ ಒಂದರ ಮೇಲೊಂದು ಕಲ್ಲು, ಜೊತೆಗೆ ನೀರು, ಕೊನೆಗೆ ಬೆರಳ ತುದಿಯಲ್ಲಿ ಒತ್ತಿ ಉಜ್ಜುವ ಕಾಗದದಷ್ಟು ತೆಳುವಾದ ಕಲ್ಲಿನ ಚೂರು. ಪೂರ್ತಿ ಕೆಲಸದ ಖರ್ಚು ಎಷ್ಟೋ ಸಲ ಬಾಕಿನ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಬಲ್ಲ ಸಾಣೆಗಾರ ಮೊದಲು ಒಂದಂಗುಲದಷ್ಟು ಜಾಗ ಮಾತ್ರ ತಿಳಿಮಾಡುತ್ತಾನೆ. ಆ ಕಿಟಕಿಯಲ್ಲಿ ಇಣುಕಿ ನೋಡಿ ಮುಂದಿನ ಮಾತು. ತೀರ್ಪು ಬೇಕಾದವರಿಗೆ 1948ರಲ್ಲಿ ಸ್ಥಾಪನೆಯಾದ ಜಪಾನೀ ಕಲಾಖಡ್ಗ ಸಂರಕ್ಷಣ ಸಂಘ ಟೋಕಿಯೋದಲ್ಲಿದೆ. ಅಲಗನ್ನು ಪರೀಕ್ಷಿಸಿ ಯೋಗ್ಯತೆಗೆ ತಕ್ಕಂತೆ ನಾಲ್ಕು ದರ್ಜೆಯ ಪತ್ರ ಕೊಡುತ್ತದೆ.

ಆದರೆ ಬಾಕನ್ನು ಚೀಲದಲ್ಲಿಟ್ಟುಕೊಂಡು ವಿಮಾನ ಹತ್ತುವ ಮಾತಲ್ಲ ಇದು. ನೂರು ವರ್ಷ ಮೀರಿದ ಇಂಥ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಲು 1972ರ ಪ್ರಾಚ್ಯವಸ್ತು ಕಾನೂನು ಅಡ್ಡಬರುತ್ತದೆ. ಪುರಾತತ್ವ ಇಲಾಖೆಯನ್ನು ಕೇಳದೆ ಹೆಜ್ಜೆ ಇಡಬಾರದು. ಮನೆಯಲ್ಲಿ ಇಟ್ಟುಕೊಳ್ಳುವ ವಿಷಯದಲ್ಲೂ 1959ರ ಶಸ್ತ್ರಾಸ್ತ್ರ ಕಾನೂನಿನ ಕಟ್ಟಳೆ ಊರಿಂದೂರಿಗೆ ಬೇರೆಯಾಗಬಹುದು. ಪೊಲೀಸ್ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಕ್ಷೇಮ. ಹಾಗಾಗಿ ಮೊದಲ ಪರೀಕ್ಷೆ ಫೋಟೋಗಳಿಂದಲೇ ಆಗಲಿ. ಬಾಲದ ಎರಡೂ ಮಗ್ಗುಲು, ಮೊನೆ, ಪ್ರತಿಯೊಂದು ಗಾಯ, ಪಕ್ಕದಲ್ಲಿ ಅಳತೆಪಟ್ಟಿ. ಒಳ್ಳೆಯ ಅಲಗು ಹೇಗಿರುತ್ತದೆಂದು ಕಣ್ಣಾರೆ ಕಾಣಬೇಕೆನ್ನುವ ಹೈದರಾಬಾದಿನ ವಾಚಕರು ಸಾಲಾರ್ ಜಂಗ್ ಸಂಗ್ರಹಾಲಯದ ಜಪಾನೀ ವಿಭಾಗಕ್ಕೆ ಒಂದು ಭಾನುವಾರ ಹೋಗಿಬರಬಹುದು.

ಅಲ್ಲಿಯವರೆಗೆ ಬಾಕಿಗೆ ಬೇಕಾದುದು ಅತಿ ಸ್ವಲ್ಪ. ಅಲಗನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳ ಬೆವರು ಸಾಕು ತುಕ್ಕಿಗೆ. ಮೆತ್ತನೆಯ ಒಣಬಟ್ಟೆಯಲ್ಲಿ ಒರಸಿ, ಹೊಲಿಗೆಯಂತ್ರಕ್ಕೆ ಹಾಕುವ ಶುದ್ಧ ಎಣ್ಣೆಯನ್ನು ಅಲಗಿಗೆ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಅದು ಅಂಟಾಗುತ್ತದೆ. ಒರೆಯೊಳಗೆ ತೇವವಿದ್ದರೆ ಬಾಕನ್ನು ಬೇರೆಯಾಗಿ ಬಟ್ಟೆಯಲ್ಲಿಡಿ. ಕಳಚಿದ ಬಿದಿರಿನ ಗೂಟವನ್ನು ಕಳೆಯಬೇಡಿ. ಅದರ ಜಾಗಕ್ಕೆ ಮೊಳೆಯನ್ನಂತೂ ಹೊಡೆಯಲೇಬೇಡಿ. ನವಮಿಯ ದಿನ ಕುಂಕುಮವನ್ನು ಒರೆಗೆ ಇಟ್ಟರೆ ಸಾಕು.