ಕಪ್ಪತಗುಡ್ಡಕ್ಕೆ ಹೊರಟಿದ್ದೀರಾ? ನೆಟ್‌ವರ್ಕ್ ಇರುವಾಗಲೇ ಪ್ಲಾನ್ ಮುಗಿಸಿ

ನಾನು ಶಿಗ್ಲಿಯಿಂದ ಮಾತಾಡ್ತಿದ್ದೀನಿ. ನಮ್ಮೂರಿಂದ ಲಕ್ಷ್ಮೇಶ್ವರ, ಶಿರಹಟ್ಟಿ ದಾಟಿ ಹೋದರೆ ಕಪ್ಪತಗುಡ್ಡ. ಮಳೆ ಬಿದ್ದು ಗುಡ್ಡ ಹಸಿರಾದ್ರೆ ಸಾಕು, ವಾಟ್ಸಾಪ್ ಗ್ರೂಪಿನಲ್ಲಿ ಯಾರಾದ್ರೂ ಒಬ್ರು ‘ರವಿವಾರ ಗುಡ್ಡಕ್ಕ ಹೋಗೂಣೇನ್ರೋ?’ ಅಂತ ಹಾಕ್ತಾರೆ. ಹತ್ತು ಜನ ಹೂಂ ಅಂತಾರೆ. ಪ್ಲಾನ್ ಅಲ್ಲಿಗೇ ಮುಗೀತು ಅಂದ್ಕೋಬೇಡಿ. ಗುಡ್ಡದ ಸಂದಿಯಲ್ಲಿ ಫೋನ್ ಕೈಕೊಟ್ಟ ಮೇಲೆ ಮಾಡೋ ಪ್ಲಾನ್ ಪ್ಲಾನೇ ಅಲ್ಲ.

ಮೊದಲು ಅನುಮತಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಚಿರತೆ, ತೋಳ, ಕತ್ತೆಕಿರುಬ ಇಲ್ಲಿವೆ. ಕಪ್ಪತ ಮಲ್ಲೇಶ್ವರನ ಗುಡಿಗೆ ಭಕ್ತರು ಹೋಗುವ ದಾರಿ ಬೇರೆ, ಕಾಡಿನೊಳಗೆ ಕಾಲಿಡೋದು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಹೋಗೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇದನ್ನ ಬರೀ ಕಾಗದ ಅಂತ ನೋಡಬೇಡಿ. ನೀವು ಎಷ್ಟು ಜನ, ಯಾವ ಕಡೆ ಹೋಗಿದ್ದೀರಿ ಅನ್ನೋದು ಇಲಾಖೆಗೆ ಗೊತ್ತಿದ್ದರೆ ಹುಡುಕೋರಿಗೆ ಒಂದು ದಿಕ್ಕು ಸಿಗುತ್ತೆ.

ಎರಡನೆಯದು ತಿಂಗಳು. ಫೆಬ್ರವರಿಯಿಂದ ಮೇವರೆಗೆ ಇಲ್ಲಿನ ಹುಲ್ಲು ಒಣಗಿ ನಿಂತಿರುತ್ತೆ. ಒಂದು ಬೀಡಿ ಕಿಡಿ ಸಾಕು. ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಚಾರಣಕ್ಕೆ ಹೋದವರು ಕಾಳ್ಗಿಚ್ಚಿಗೆ ಸಿಕ್ಕರು. 20ಕ್ಕೂ ಹೆಚ್ಚು ಜನ ಜೀವ ಕಳ್ಕೊಂಡರು. ಬೆಂಕಿ ಇಳಿಜಾರಿನಲ್ಲಿ ಕೆಳಗಿಂದ ಮೇಲಕ್ಕೆ ಬಲು ಬೇಗ ಏರುತ್ತೆ. ಕೆಳಗೆ ಹೊಗೆ ಕಂಡರೆ ಮೇಲಕ್ಕೆ ಓಡಬೇಡಿ. ಪಕ್ಕಕ್ಕೆ ಸರಿದು ಹುಲ್ಲಿಲ್ಲದ ನೆಲ, ಬಂಡೆ, ರಸ್ತೆ ಹಿಡೀರಿ. ಎಲ್ಲಕ್ಕಿಂತ ಒಳ್ಳೇದು, ಬೇಸಿಗೆಯಲ್ಲಿ ಹೋಗದೇ ಇರೋದು. ಮಳೆಗಾಲದಲ್ಲಿ ಗುಡುಗು ಕೇಳಿಸಿದ ಕೂಡಲೇ ನೆತ್ತಿಯಿಂದ ಇಳೀರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಮೂರನೆಯದು ಗುಂಪು. ದಾರಿ ಗೊತ್ತಿರೋ ಒಬ್ಬರು ಮುಂದೆ, ಗಟ್ಟಿಗರೊಬ್ಬರು ಕಟ್ಟಕಡೆಗೆ. ಇವರಿಬ್ಬರ ನಡುವೆ ಉಳಿದವರು. ನಿಧಾನ ನಡೆಯೋರ ವೇಗವೇ ಎಲ್ಲರ ವೇಗ. ನಿಂತಲ್ಲೆಲ್ಲ ತಲೆ ಎಣಿಸಿ. ರೀಲ್ಸ್ ಮಾಡೋಕೆ ಅಂತ ಇಬ್ಬರು ಹಿಂದೆ ಉಳಿದರೆ ಉಳಿದವರೂ ನಿಲ್ಲಬೇಕು. ವಾಪಸ್ ತಿರುಗೋ ಹೊತ್ತನ್ನೂ ಮನೆಯಲ್ಲೇ ಗೊತ್ತು ಮಾಡ್ಕೊಳ್ಳಿ. ಮಧ್ಯಾಹ್ನ 1 ಅಂದ್ರೆ 1. ತುದಿ ಎದುರಿಗೇ ಕಾಣ್ತಿದ್ದರೂ ತಿರುಗಿಬಿಡಿ. ನವೆಂಬರ್‌ನಲ್ಲಿ ಸಂಜೆ 6ರ ಹೊತ್ತಿಗೆ ಸೂರ್ಯ ಮುಳುಗಿರ್ತಾನೆ.

ಚೀಲದಲ್ಲಿ ಏನಿರಬೇಕು? ಒಬ್ಬೊಬ್ಬರಿಗೆ ಕನಿಷ್ಠ 3 ಲೀಟರ್ ನೀರು, ರೊಟ್ಟಿ ಶೇಂಗಾ ಚಟ್ನಿ ಬುತ್ತಿ, ಓಆರ್‌ಎಸ್, ಬ್ಯಾಟರಿ, ಸೀಟಿ, ಪವರ್ ಬ್ಯಾಂಕ್. ಕಾಲಿಗೆ ಚಪ್ಪಲಿ ಬೇಡ, ಬೂಟು ಹಾಕ್ಕೊಳ್ಳಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ. ನೆಟ್ ಇಲ್ಲದಿದ್ದರೂ ಜಿಪಿಎಸ್ ನೀವಿರೋ ಜಾಗ ತೋರಿಸುತ್ತೆ. ಸಿಗ್ನಲ್ ಹುಡುಕಿ ಹುಡುಕಿ ಫೋನ್ ಚಾರ್ಜ್ ಖಾಲಿ ಮಾಡ್ಕೊಳ್ಳುತ್ತೆ, ಅದಕ್ಕೇ ಒಂದೆರಡು ಫೋನ್ ಏರೋಪ್ಲೇನ್ ಮೋಡ್‌ನಲ್ಲಿಡಿ.

ಹಾವು ಕಚ್ಚಿದರೆ? ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ, ನಾಟಿ ಔಷಧ ಹುಡುಕ್ತಾ ಹೊತ್ತು ಕಳೀಬೇಡಿ. ಉಂಗುರ, ಕಡಗ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಇಟ್ಟು, ಆ ವ್ಯಕ್ತಿಯನ್ನು ನಡೆಸದೇ ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ. ವಿಷಕ್ಕೆ ಮದ್ದು ಅಲ್ಲಿ ಕೊಡುವ ಪ್ರತಿವಿಷದ ಇಂಜೆಕ್ಷನ್ ಒಂದೇ. ಅದು ಹತ್ತಿರದಲ್ಲಿ ಯಾವ ಆಸ್ಪತ್ರೆಯಲ್ಲಿದೆ ಅಂತ ಹೊರಡೋ ಮುಂಚೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಅಲ್ಲಿ ಬೇರೆ ಕಂಪನಿಯದಿದ್ದರೆ 112ಕ್ಕೆ ಕರೆ ಹೋಗಬಹುದು, ಪ್ರಯತ್ನ ಬಿಡಬೇಡಿ.

ಕೊನೆಗೆ, ಗುಡ್ಡಕ್ಕೆ ಬಾರದ ಒಬ್ಬರಿಗೆ, ಅಕ್ಕನಿಗೋ ಕಾಕಾಗೋ, ಒಂದು ಮೆಸೇಜ್ ಹಾಕಿ: ‘ಇಂತಿಷ್ಟು ಜನ, ಈ ದಾರಿ, ಗಾಡಿ ಇಲ್ಲಿ ನಿಲ್ಲಿಸ್ತೀವಿ, ಸಂಜೆ 5ರೊಳಗೆ ಫೋನ್ ಮಾಡ್ತೀವಿ. 6 ಆದ್ರೂ ಬರಲಿಲ್ಲ ಅಂದ್ರೆ 112ಕ್ಕೆ ಹೇಳ್ರಿ.’ ಈ ಮೆಸೇಜ್ ಬರೆಯೋಕೆ ಬರ್ತಿಲ್ಲ ಅಂದ್ರೆ ನಿಮ್ಮ ಪ್ಲಾನ್ ಇನ್ನೂ ಆಗಿಲ್ಲ ಅಂತಲೇ ಅರ್ಥ. ಈ ರವಿವಾರ ಬಿಟ್ಟು ಮುಂದಿನ ರವಿವಾರ ಹೋಗಿ. ಗುಡ್ಡ ಎಲ್ಲಿಗೂ ಹೋಗಲ್ಲ.