ಹೆದ್ದಾರಿಯಲ್ಲಿ ತೊನೆಯುವ ಕಾರು

ಊರೊಳಗಿನ ಬೀದಿಗಳಲ್ಲಿ ಸಾಧುವಾದ ಹಸುವಿನಂತೆ ನಡೆದುಕೊಳ್ಳುವ ಕಾರು, ಹೆದ್ದಾರಿಯನ್ನು ಸೇರಿದೊಡನೆ ಮಾತು ಕೇಳದ ಹೋರಿಯಾಗುವುದುಂಟು. ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ಅದರಲ್ಲಿ ಯಾವ ಕೊರತೆಯೂ ತೋರದು. ವೇಗವು ೮೦ನ್ನು ಮುಟ್ಟಿತೆಂದರೆ ಎಡಕ್ಕೂ ಬಲಕ್ಕೂ ತೊನೆಯತೊಡಗುತ್ತದೆ. ಚಾಲಕನು ಸ್ಟೀರಿಂಗ್ ಚಕ್ರವನ್ನು ಕ್ಷಣಕ್ಷಣಕ್ಕೂ ತಿದ್ದುತ್ತಲೇ ಇರಬೇಕಾಗುತ್ತದೆ. ‘ಸ್ಟೀರಿಂಗ್ ಲೂಸಾಗಿದೆ’ ಎಂದು ಗ್ಯಾರೇಜಿನಲ್ಲಿ ಹೇಳಿದರೆ, ಮೆಕ್ಯಾನಿಕನು ಊರೊಳಗೆ ಒಂದು ಸುತ್ತು ಓಡಿಸಿ ನೋಡಿ, ‘ಏನೂ ತೊಂದರೆ ಇಲ್ಲವಲ್ಲ ಸಾರ್’ ಎಂದು ಗಾಡಿಯನ್ನು ಹಿಂದಿರುಗಿಸುತ್ತಾನೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ವೇಗವು ದೋಷವನ್ನು ಹುಟ್ಟಿಸುವುದಿಲ್ಲ. ಇದ್ದ ದೋಷವನ್ನು ಹಿಗ್ಗಿಸಿ ತೋರಿಸುತ್ತದೆ. ಹೀಗೆ ಹಿಗ್ಗುವ ಪ್ರಮಾಣ ಎಷ್ಟೆಂಬುದನ್ನು ಮೊದಲು ಲೆಕ್ಕ ಹಾಕೋಣ.

ನಮ್ಮ ದೇಶದಲ್ಲಿ ಎಲ್ಲರೂ ಕಂಡಿರುವ ಮಾರುತಿ ೮೦೦ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ೧೯೮೩ರಲ್ಲಿ ಹೊರಬಂದ ಈ ಪುಟ್ಟ ಗಾಡಿಯ ತಯಾರಿಕೆ ೨೦೧೪ರಲ್ಲಿ ನಿಂತುಹೋಯಿತು. ಅದರ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಇರುವ ದೂರ ೨.೧೭೫ ಮೀಟರು. ಮುಂದಿನ ಚಕ್ರಗಳು ನೇರದಿಂದ ಒಂದೇ ಒಂದು ಡಿಗ್ರಿ ಹೊರಳಿದರೆ, ಗಾಡಿಯು ಸುಮಾರು ೧೨೫ ಮೀಟರು ತ್ರಿಜ್ಯವುಳ್ಳ ವೃತ್ತದಲ್ಲಿ ಸಾಗಬೇಕೆಂದು ರೇಖಾಗಣಿತವು ಹೇಳುತ್ತದೆ. ವೃತ್ತದಲ್ಲಿ ಚಲಿಸುವ ವಸ್ತುವಿಗೆ ಕೇಂದ್ರದ ಕಡೆಗೆ ಉಂಟಾಗುವ ವೇಗೋತ್ಕರ್ಷವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಪಾಠ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಸೂತ್ರದ ಪ್ರಕಾರ, ೩೦ ಕಿಲೋಮೀಟರು ವೇಗದಲ್ಲಿ ಕಾರನ್ನು ಪಕ್ಕಕ್ಕೆ ಸೆಳೆಯುವ ವೇಗೋತ್ಕರ್ಷ, ಗುರುತ್ವದ ವೇಗೋತ್ಕರ್ಷದಲ್ಲಿ ನೂರಕ್ಕೆ ಆರು ಪಾಲಿಗಿಂತಲೂ ಕಡಿಮೆ. ೮೦ ಕಿಲೋಮೀಟರಿನಲ್ಲಿ ನೂರಕ್ಕೆ ನಲವತ್ತು ಪಾಲು. ಟೈರಿನ ರಬ್ಬರು ಬಾಗಿಕೊಡುವುದರಿಂದ ನಿಜವಾದ ಗಾಡಿಯಲ್ಲಿ ಅಂಕಿ ಇಷ್ಟು ಏರಲಿಕ್ಕಿಲ್ಲ. ಆದರೂ ಊರಿನ ಬೀದಿಯಲ್ಲಿ ಕೈಗೆ ತಿಳಿಯದೆ ಹೋದ ಒಂದು ಡಿಗ್ರಿ, ಹೆದ್ದಾರಿಯಲ್ಲಿ ಮೈ ವಾಲುವಷ್ಟು ಬಲವಾಗುತ್ತದೆ.

ಇನ್ನು ಜಾಗದ ಮಾತು. ಹೆದ್ದಾರಿಯ ಒಂದು ಪಥದ ಅಗಲ ಸಾಮಾನ್ಯವಾಗಿ ೩.೫ ಮೀಟರು, ಈ ಕಾರಿನ ಅಗಲ ೧.೪೪ ಮೀಟರು. ನಟ್ಟನಡುವೆ ಸಾಗಿದರೂ ಪ್ರತಿ ಪಕ್ಕದಲ್ಲಿ ಉಳಿಯುವುದು ಒಂದು ಮೀಟರಿನಷ್ಟು. ಕಾರಿನ ಮುಖ ಒಂದು ಡಿಗ್ರಿ ಓರೆಯಾಗಿದ್ದರೆ, ೮೦ ಕಿಲೋಮೀಟರು ವೇಗದಲ್ಲಿ ಅದು ಪ್ರತಿ ಸೆಕೆಂಡಿಗೆ ೩೯ ಸೆಂಟಿಮೀಟರು ಪಕ್ಕಕ್ಕೆ ಸರಿಯುತ್ತದೆ. ಮೂರು ಸೆಕೆಂಡು ತುಂಬುವ ಮೊದಲೇ ಪಕ್ಕದ ಲಾರಿಯ ಪಥದಲ್ಲಿ ನಾವಿರುತ್ತೇವೆ! ಎತ್ತಿನ ಗಾಡಿಯ ಚಕ್ರ ಅಚ್ಚಿನ ಮೇಲೆ ಬೆರಳಗಲ ಅತ್ತಿತ್ತ ಆಡುತ್ತಿದ್ದರೂ, ಕಡಾಣಿ ಭದ್ರವಾಗಿದ್ದರೆ ಗಾಡಿಯವನು ಚಿಂತಿಸುವುದಿಲ್ಲ. ಅವನ ವೇಗದಲ್ಲಿ ಆ ಆಟಕ್ಕೆ ಅರ್ಥವೇ ಇಲ್ಲ.

ಆದರೆ ‘ಸಡಿಲ’ ಎಂಬ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ರೋಗಗಳು ಅಡಗಿರುತ್ತವೆ. ಇವನ್ನು ಬೇರ್ಪಡಿಸದೆ ಗ್ಯಾರೇಜಿಗೆ ಹಣ ಸುರಿಯುವವರೇ ಹೆಚ್ಚು.

ಮೊದಲನೆಯದು ಕೀಲುಗಳ ಸವೆತ. ಸ್ಟೀರಿಂಗ್ ಚಕ್ರದಿಂದ ರಸ್ತೆಯ ಚಕ್ರದವರೆಗೆ ಒಂದು ಸರಪಳಿಯೇ ಇದೆ: ಸ್ಟೀರಿಂಗಿನ ದಂಡ, ಅದರ ಮಡಿಕೆ ಕೀಲು, ಪಿನಿಯನ್ ಎಂಬ ಹಲ್ಲುಗಾಲಿ, ಅದು ಎಡಬಲಕ್ಕೆ ತಳ್ಳುವ ರ‍್ಯಾಕ್ ಎಂಬ ಹಲ್ಲಿನ ಸರಳು, ರ‍್ಯಾಕಿನ ಎರಡು ತುದಿಗಳಲ್ಲಿ ಟೈ ರಾಡುಗಳು, ಕೊನೆಗೆ ಅವುಗಳ ಗುಂಡುಕೀಲುಗಳು. ಒಂದೊಂದರಲ್ಲಿ ಕೂದಲೆಳೆಯಷ್ಟು ಸವೆತವಾದರೂ ಎಲ್ಲ ಸೇರಿ ಸ್ಟೀರಿಂಗ್ ಚಕ್ರದ ಅಂಚಿನಲ್ಲಿ ಎರಡು ಮೂರು ಬೆರಳಗಲದ ಖಾಲಿ ಆಟವಾಗಿ ಕೂಡಿಬರುತ್ತದೆ. ಗ್ಯಾರೇಜಿನವರು ಇದನ್ನು ‘ಪ್ಲೇ’ ಎನ್ನುತ್ತಾರೆ. ಈ ಖಾಲಿ ಆಟದ ಒಳಗೆ ಮುಂದಿನ ಚಕ್ರಗಳಿಗೆ ಯಜಮಾನನೇ ಇಲ್ಲ; ರಸ್ತೆಯ ಏರುಪೇರು ಎತ್ತ ತಳ್ಳಿದರೆ ಅತ್ತ ಹೊರಳುತ್ತವೆ. ಚಾಲಕನು ತಿದ್ದಲು ಕೈ ತಿರುಗಿಸುತ್ತಾನೆ, ಏನೂ ಆಗುವುದಿಲ್ಲ. ಇನ್ನಷ್ಟು ತಿರುಗಿಸುತ್ತಾನೆ, ಆಟ ಮುಗಿದೊಡನೆ ಚಕ್ರ ಒಮ್ಮೆಲೇ ಹೊರಳುತ್ತದೆ. ಗಾಬರಿಯಿಂದ ಹಿಂದಕ್ಕೆ ತಿರುಗಿಸಿದರೆ ಅತ್ತಲೂ ಅದೇ ಕಥೆ.

ಎರಡನೆಯದು ಸೂಕ್ಷ್ಮವಾದದ್ದು. ಸೈಕಲ್ಲಿನ ಮುಂದಿನ ಫೋರ್ಕನ್ನು ಗಮನಿಸಿ. ಅದು ನೆಟ್ಟಗೆ ನಿಂತಿಲ್ಲ, ಮೇಲ್ತುದಿ ಸವಾರನ ಕಡೆಗೆ ಒರಗಿದೆ. ಫೋರ್ಕು ತಿರುಗುವ ರೇಖೆಯನ್ನು ಕೆಳಗೆ ಎಳೆದರೆ ಅದು ಟೈರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಮುಂದೆ ನೆಲವನ್ನು ಸೇರುತ್ತದೆ. ಆದುದರಿಂದ ಟೈರು ಆ ರೇಖೆಯ ಹಿಂದೆ ಎಳೆಯಲ್ಪಡುತ್ತ, ಹಗ್ಗ ಹಿಡಿದೆಳೆದ ಆಟಿಕೆಯಂತೆ ತಾನಾಗಿ ನೇರವಾಗುತ್ತದೆ. ಕಾರಿನ ಮುಂದಿನ ಚಕ್ರಗಳ ತಿರುಗಚ್ಚಿಗೂ ಇಂಥದೇ ಓರೆಯನ್ನು ಕೊಟ್ಟಿರುತ್ತಾರೆ. ಇದಕ್ಕೆ ಕ್ಯಾಸ್ಟರ್ ಎಂದು ಹೆಸರು. ಫ್ರಾನ್ಸಿನ ಆರ್ಥರ್ ಕ್ರೆಬ್ಸನು ೧೮೯೬ರಷ್ಟು ಹಿಂದೆಯೇ ಇದಕ್ಕಾಗಿ ಪೇಟೆಂಟ್ ಪಡೆದಿದ್ದನು. ಅಪಘಾತದ ಪೆಟ್ಟಿನಿಂದಲೋ ಕೆಳತೋಳಿನ ರಬ್ಬರು ಬುಷ್ ಹರಿದುದರಿಂದಲೋ ಈ ಓರೆ ಕುಗ್ಗಿದರೆ, ಕೀಲುಗಳೆಲ್ಲ ಬಿಗಿಯಾಗಿದ್ದರೂ ಸ್ಟೀರಿಂಗಿಗೆ ತಾನಾಗಿ ನಡುವಿಗೆ ಬರುವ ಬುದ್ಧಿ ಇರುವುದಿಲ್ಲ. ಕೈಗೆ ಅದು ಹಗುರವೆನಿಸುತ್ತದೆ, ಚಾಲಕನು ಅದನ್ನೂ ‘ಸಡಿಲ’ ಎಂದೇ ಕರೆಯುತ್ತಾನೆ. ಮುಂದಿನ ಎರಡು ಚಕ್ರಗಳ ಮುಖ ತುಸು ಹೊರಕ್ಕೆ ತೆರೆದುಕೊಂಡಿದ್ದರೂ ಹೀಗೆಯೇ. ಒಂದೊಂದು ಚಕ್ರವೂ ತನ್ನದೇ ದಿಕ್ಕಿಗೆ ಹೊರಡಲು ಹವಣಿಸುತ್ತಿರುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗಿ ಆಮೇಲೆ ತಣ್ಣಗಾಗುವುದು ಮಾತ್ರ ಈ ಎರಡೂ ಅಲ್ಲ. ಅದು ಬಹುಮಟ್ಟಿಗೆ ಚಕ್ರದ ತೂಕದ ಸಮತೋಲ ತಪ್ಪಿದ್ದರ ಫಲ.

ಪರೀಕ್ಷೆಯನ್ನು ಗಾಳಿಯಿಂದಲೇ ಆರಂಭಿಸುವುದು ಲೇಸು, ಅದಕ್ಕೆ ಖರ್ಚಿಲ್ಲ. ಟೈರು ತಣ್ಣಗಿರುವಾಗ ನಾಲ್ಕರಲ್ಲೂ ಒತ್ತಡವನ್ನು ಅಳೆದು ತಯಾರಕರು ಹೇಳಿದಷ್ಟು ತುಂಬಿಸಬೇಕು. ಹಿಂದಿನ ಟೈರುಗಳು ಸೊರಗಿದ್ದರೆ ಗಾಡಿಯ ಬಾಲ ಅಲುಗಾಡುತ್ತದೆ; ಜನರು ದೋಷವನ್ನು ಹುಡುಕುವುದು ಮುಂದೆ!

ಬಳಿಕ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಅಂಗುಲದಷ್ಟು ಎಡಬಲಕ್ಕೆ ಅಲ್ಲಾಡಿಸುತ್ತಿರಬೇಕು. ಇನ್ನೊಬ್ಬರು ದೀಪ ಹಿಡಿದು ಸರಪಳಿಯ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಬೇಕು. ಯಾವ ಕೀಲಿನಲ್ಲಿ ಒಂದು ಪಕ್ಕ ಚಲಿಸಿ ಮತ್ತೊಂದು ಪಕ್ಕ ಸುಮ್ಮನಿರುವುದೋ ಕಳ್ಳನು ಅಲ್ಲಿಯೇ ಇದ್ದಾನೆ. ಗುಂಡುಕೀಲಿನ ಕಪ್ಪು ರಬ್ಬರು ಟೋಪಿ ಹರಿದು ಗ್ರೀಸಿನ ಬದಲು ಮಣ್ಣು ಸೇರಿದ್ದರೆ ಅನುಮಾನವೇ ಬೇಡ. ಈ ಕೀಲನ್ನು ಉದಾಸೀನ ಮಾಡುವಂತಿಲ್ಲ. ತೀರ ಸವೆದ ಗುಂಡು ತನ್ನ ಬಟ್ಟಲಿನಿಂದ ಕಳಚಿಕೊಂಡರೆ ಆ ಪಕ್ಕದ ಚಕ್ರ ಸ್ಟೀರಿಂಗಿನ ಹಿಡಿತದಿಂದ ಪೂರ್ತಿ ತಪ್ಪಿಹೋಗುತ್ತದೆ. ಅಂತಹ ಗಾಡಿಯನ್ನು ಹೆದ್ದಾರಿಗೆ ಒಯ್ಯುವುದು ಪ್ರಾಣದೊಡನೆ ಜೂಜಾಡಿದಂತೆ.

ಆಮೇಲೆ ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಗಾಡಿಯ ಕೆಳಗೆ ಭದ್ರವಾದ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನೇ ಅಲ್ಲಾಡಿಸಿ ನೋಡಬೇಕು. ಎಡಬಲ ಅಂಚುಗಳನ್ನು ಹಿಡಿದಾಗ ಮಾತ್ರ ಆಡಿದರೆ ದೋಷ ಟೈ ರಾಡಿನಲ್ಲೋ ರ‍್ಯಾಕಿನಲ್ಲೋ ಇದೆ. ಮೇಲೆ ಕೆಳಗೆ ಹಿಡಿದಾಗಲೂ ಆಡಿದರೆ ಚಕ್ರದ ಬೇರಿಂಗ್ ಇರಬಹುದು, ಇಲ್ಲವೆ ಕೆಳತೋಳಿನ ಗುಂಡುಕೀಲಿರಬಹುದು. ಇವೆರಡನ್ನು ಬೇರ್ಪಡಿಸಲು ಒಂದು ಜಾಣ ಉಪಾಯವಿದೆ. ಒಳಗಿರುವವರು ಬ್ರೇಕನ್ನು ಬಲವಾಗಿ ಒತ್ತಲಿ. ಬ್ರೇಕು ಚಕ್ರವನ್ನೂ ಅದನ್ನು ಹೊತ್ತ ಕಬ್ಬಿಣವನ್ನೂ ಒಂದಾಗಿ ಬಿಗಿದುಬಿಡುವುದರಿಂದ ಬೇರಿಂಗಿನ ಆಟ ಅಡಗುತ್ತದೆ, ಗುಂಡುಕೀಲಿನ ಆಟ ಉಳಿಯುತ್ತದೆ.

ಎಲ್ಲಿಯೂ ಆಟವಿಲ್ಲವೆಂದಾದರೆ ಎರಡನೆಯ ರೋಗವನ್ನು ಶಂಕಿಸಬೇಕು. ಖಾಲಿ ಮೈದಾನದಲ್ಲಿ ನಿಧಾನವಾಗಿ ತಿರುವು ತೆಗೆದುಕೊಂಡು ಹಿಡಿತವನ್ನು ಸಡಿಲಿಸಿದಾಗ ಸ್ಟೀರಿಂಗ್ ತಾನಾಗಿ ನಡುವಿಗೆ ಮರಳದಿದ್ದರೆ, ಚಕ್ರಗಳ ಕೋನಗಳನ್ನು ಅಳೆಸಬೇಕಾದ ಕಾಲ ಬಂದಿದೆ. ಅಲೈನ್‌ಮೆಂಟ್ ಮಾಡಿಸುವುದು ಈ ಹಂತದಲ್ಲಿಯೇ ಹೊರತು ಮೊದಲಲ್ಲ. ಆಡುವ ಕೀಲುಗಳ ಮೇಲೆ ಹೊಂದಿಸಿದ ಕೋನ ಮುಂದಿನ ಗುಂಡಿಯವರೆಗೂ ನಿಲ್ಲದು.

ರ‍್ಯಾಕಿನ ವಿಷಯದಲ್ಲಿ ಒಂದು ಅಪಾಯಕರ ಅಡ್ಡದಾರಿಯೂ ಇದೆ. ಗಾಡಿಯು ಹೆಚ್ಚು ಹೊತ್ತು ನೇರವಾಗಿಯೇ ಓಡುವುದರಿಂದ ಹಲ್ಲಿನ ಸರಳು ನಟ್ಟನಡುವೆ ಹೆಚ್ಚು ಸವೆಯುತ್ತದೆ, ತುದಿಗಳಲ್ಲಿ ಹೊಸದರಂತೆಯೇ ಇರುತ್ತದೆ. ನಡುವಿನ ಆಟವನ್ನು ಮುಚ್ಚಲು ಹೊಂದಿಕೆಯ ತಿರುಪನ್ನು ಬಿಗಿದರೆ, ತಿರುವುಗಳಲ್ಲಿ ಸವೆಯದ ಹಲ್ಲುಗಳು ಕಚ್ಚಿಹಿಡಿದು ಸ್ಟೀರಿಂಗ್ ನಡುವಿಗೆ ಮರಳುವುದೇ ಇಲ್ಲ. ಹೀಗೆ ಮೊದಲನೆಯ ರೋಗಕ್ಕೆ ಕೊಟ್ಟ ಮದ್ದಿನಿಂದ ಎರಡನೆಯದು ಅಂಟಿಕೊಳ್ಳುತ್ತದೆ. ನಡುವಿನಲ್ಲಿ ಆ ಮಟ್ಟಿಗೆ ಸವೆದ ರ‍್ಯಾಕನ್ನು ಬದಲಾಯಿಸುವುದೊಂದೇ ದಾರಿ.