ದಿನದ ಓಡಾಟಕ್ಕೆ ಎಂಥ ಬೈಕು? ರಾಯಕೋಟೆ–ಹೊಸೂರು ದಾರಿಯ ಒಂದು ಲೆಕ್ಕ

ಅಂಗಡಿಗೆ ಒಂದು ತಕ್ಕಡಿ ಕೊಳ್ಳಬೇಕಾದರೂ ನಾವು ನಾಲ್ಕು ಕಡೆ ವಿಚಾರಿಸುತ್ತೇವೆ. ತೂಕದ ಬಟ್ಟು ಇಟ್ಟು ನೋಡುತ್ತೇವೆ, ಮುದ್ರೆ ಪರೀಕ್ಷಿಸುತ್ತೇವೆ. ಆದರೆ ಮನೆಯ ಮಗ ದಿನಕ್ಕೆ ಎರಡು ಗಂಟೆ ಕೂರಬೇಕಾದ ಬೈಕನ್ನು ಕೊಳ್ಳುವಾಗ ಮಾತ್ರ ಮೂರೇ ಪ್ರಶ್ನೆಗೆ ವ್ಯವಹಾರ ಮುಗಿಯುತ್ತದೆ. ಬೆಲೆ ಎಷ್ಟು? ಮೈಲೇಜ್ ಎಷ್ಟು? ಮಾರಿದರೆ ಎಷ್ಟು ಬರುತ್ತದೆ? ಅದರ ಮೇಲೆ ಕೂರುವವನ ಸೊಂಟಕ್ಕೆ ಹೇಗಿರುತ್ತದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸುಖ ಎಂದರೆ ಶೋಕಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ದಿನನಿತ್ಯದ ದುಡಿಮೆಯ ಗಾಡಿಯ ಮಟ್ಟಿಗೆ ಈ ಭಾವನೆ ಸರಿಯಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ದ್ವಿಚಕ್ರ ವಾಹನಗಳ ಸೀಮೆ

ಹೊಸೂರು–ಕೃಷ್ಣಗಿರಿ ಸೀಮೆಯವರಿಗೆ ದ್ವಿಚಕ್ರ ವಾಹನ ಹೊಸ ವಿಷಯವೇನಲ್ಲ. ಇಬ್ಬರು ಕೂರಬಹುದಾದ ಮೊಪೆಡ್ ಎಂದು ಹೆಸರಾದ ಟಿ.ವಿ.ಎಸ್. 50 ಗಾಡಿ 1980ರಲ್ಲಿ ಹೊರಬಂದದ್ದು ಹೊಸೂರಿನ ಕಾರ್ಖಾನೆಯಿಂದಲೇ. ಮುಂದೆ ಸುಜುಕಿ ಸಂಸ್ಥೆಯ ಸಹಯೋಗದಲ್ಲಿ 100 ಸಿ.ಸಿ. ಮೋಟಾರ್ ಸೈಕಲುಗಳು ಬಂದವು. ಆ ಸಹಯೋಗ 2001ರಲ್ಲಿ ಮುಗಿದ ಮೇಲೆ ಸ್ವಂತ ವಿನ್ಯಾಸದ ಗಾಡಿಗಳು ಬಂದವು. ಇತ್ತೀಚೆಗೆ 2021ರಲ್ಲಿ ಏಥರ್ ಸಂಸ್ಥೆಯ ವಿದ್ಯುತ್ ಸ್ಕೂಟರಿನ ಕಾರ್ಖಾನೆ ಹೊಸೂರಿನಲ್ಲೂ, ಓಲಾ ಸಂಸ್ಥೆಯದು ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯ ಬಳಿಯೂ ಆರಂಭವಾದವು. ತಮಿಳು, ತೆಲುಗು, ಕನ್ನಡ ಮೂರೂ ಆಡುವ ಈ ಗಡಿನಾಡಿನಲ್ಲಿ ಗಾಡಿಯ ಗುಣದೋಷ ಹೇಳದ ಮನೆಯೇ ಇಲ್ಲ. ಆದರೂ ನೆರೆಯವರು ಕೊಂಡದ್ದನ್ನೇ ನಾವೂ ಕೊಳ್ಳುವ ರೂಢಿ ಹೋಗಿಲ್ಲ.

ರಾಯಕೋಟೆಯಲ್ಲಿ ಮನೆ, ಹೊಸೂರಿನಲ್ಲಿ ಅಂಗಡಿ ಅಥವಾ ನೌಕರಿ ಎಂಬ ಕುಟುಂಬವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದಾರಿ ಸುಮಾರು 30 ಕಿಲೋಮೀಟರು. ಊರ ಹೊರಗೆ ಲಾರಿಗಳು, ಟೊಮೇಟೊ ತುಂಬಿದ ವ್ಯಾನುಗಳು ಓಡುವ ಹೆದ್ದಾರಿ. ಹೊಸೂರು ಹತ್ತಿರವಾದಂತೆ ನಿಂತು ನಿಂತು ಸಾಗುವ ಪೇಟೆಯ ಸಂಚಾರ. ಅಂದರೆ ಒಂದೇ ಪ್ರಯಾಣದಲ್ಲಿ ಎರಡು ಬಗೆಯ ರಸ್ತೆ. ಎರಡಕ್ಕೂ ಒಗ್ಗುವ ಗಾಡಿಯನ್ನು ಆರಿಸುವುದೇ ಇಲ್ಲಿಯ ಕಷ್ಟ.

ಮೈಲೇಜಿನ ಲೆಕ್ಕ

ಹೋಗಿ ಬರಲು ದಿನಕ್ಕೆ 60 ಕಿಲೋಮೀಟರು. ತಿಂಗಳಿಗೆ 25 ದಿನ ಎಂದರೆ 1,500, ವರ್ಷಕ್ಕೆ 18,000 ಕಿಲೋಮೀಟರು. ಲೀಟರಿಗೆ 60 ಕಿಲೋಮೀಟರು ಕೊಡುವ ಗಾಡಿಗೆ ವರ್ಷಕ್ಕೆ 300 ಲೀಟರು ಪೆಟ್ರೋಲು ಬೇಕು. 50 ಕೊಡುವ ಗಾಡಿಗೆ 360 ಲೀಟರು. ವ್ಯತ್ಯಾಸ 60 ಲೀಟರು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 6,000, ತಿಂಗಳಿಗೆ 500, ಕೆಲಸದ ದಿನವೊಂದಕ್ಕೆ 20 ರೂಪಾಯಿ.

ಈ 20 ರೂಪಾಯಿ ಉಳಿಸಲೆಂದು ಮೈಗೆ ಒಗ್ಗದ ಗಾಡಿಯನ್ನು ಐದಾರು ವರ್ಷ ಓಡಿಸುವುದು ಲಾಭವೋ ನಷ್ಟವೋ ಎಂಬುದನ್ನು ವ್ಯಾಪಾರಸ್ಥರಾದ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಸೊಂಟ ಹಿಡಿದುಕೊಂಡು ಒಂದು ದಿನ ಅಂಗಡಿಯ ಬಾಗಿಲು ತೆರೆಯದಿದ್ದರೆ ತಿಂಗಳ ಉಳಿತಾಯ ಅಂದೇ ಹೋಯಿತು. ಹಾಗೆಂದು ಮೈಲೇಜ್ ನೋಡಲೇಬಾರದೆಂದಲ್ಲ. ಅದು ಲೆಕ್ಕದ ಒಂದು ಕಲಮು, ಇಡೀ ಲೆಕ್ಕವಲ್ಲ.

ಬೆಲೆಯ ವಿಷಯದಲ್ಲಿ ಒಂದು ಅನುಕೂಲವೂ ಆಗಿದೆ. 350 ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಸಲಾಗಿದೆ. ಹಾಗಾಗಿ 100 ಸಿ.ಸಿ.ಗೂ 125 ಸಿ.ಸಿ.ಗೂ ಬೆಲೆ ಹೋಲಿಸುವವರು ಹಳೆಯ ದರಪಟ್ಟಿಯನ್ನು ನಂಬದೆ ಹೊಸದನ್ನು ಕೇಳಿ ಪಡೆಯಬೇಕು.

ಕಾಲು ಇದ್ದಷ್ಟು ಎತ್ತರ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಗಾದೆ. ಬೈಕಿನ ವಿಷಯದಲ್ಲಿ ಕಾಲು ಇದ್ದಷ್ಟೇ ಎತ್ತರದ ಗಾಡಿ ಎಂದು ಅದನ್ನು ತಿರುಗಿಸಿ ಹೇಳಬೇಕಾಗುತ್ತದೆ. ಸೀಟಿನ ಮೇಲೆ ಕೂತು ಗಾಡಿಯನ್ನು ನೇರವಾಗಿ ನಿಲ್ಲಿಸಿದಾಗ ಎರಡೂ ಪಾದ ನೆಲಕ್ಕೆ ಊರಬೇಕು. ಹಿಮ್ಮಡಿ ಸ್ವಲ್ಪ ಎದ್ದಿದ್ದರೆ ಚಿಂತೆಯಿಲ್ಲ. ಬೆರಳ ತುದಿ ಮಾತ್ರ ಮುಟ್ಟುವಂತಿದ್ದರೆ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಸೊಂಟ ಒಂದು ಕಡೆಗೆ ವಾಲುತ್ತದೆ. ಸ್ಪ್ಲೆಂಡರ್ ಪ್ಲಸ್ ಗಾಡಿಯ ಸೀಟು ನೆಲದಿಂದ 785 ಮಿಲಿಮೀಟರು, ಕ್ಲಾಸಿಕ್ 350 ಗಾಡಿಯದು 805. ಎರಡು ಸೆಂಟಿಮೀಟರು ಏನು ಮಹಾ ಎನಿಸಬಹುದು. ಕುಳ್ಳಗಿರುವವರಿಗೆ ಆ ಎರಡು ಸೆಂಟಿಮೀಟರಿನ ಬೆಲೆ ಗೊತ್ತು.

ಎತ್ತರದಷ್ಟೇ ಮುಖ್ಯವಾದದ್ದು ತೂಕ. ಸ್ಪ್ಲೆಂಡರ್ ಸುಮಾರು 112 ಕಿಲೋ, ಹಂಟರ್ 350 ಸುಮಾರು 181, ಕ್ಲಾಸಿಕ್ 350 ಸುಮಾರು 195 ಕಿಲೋ. ದೊಡ್ಡ ಗಾಡಿ ಹೆದ್ದಾರಿಯಲ್ಲಿ ಅಲುಗದೆ ಹೋಗುತ್ತದೆ, ನಿಜ. ಆದರೆ ಬೆಳಿಗ್ಗೆ ಮನೆಯ ಮುಂದಿನ ಓಣಿಯಿಂದ ಹಿಂದಕ್ಕೆ ತಳ್ಳಿ ತೆಗೆಯುವುದು, ಪೇಟೆಯಲ್ಲಿ ಎರಡು ಗಾಡಿಗಳ ನಡುವೆ ನಿಲ್ಲಿಸುವುದು, ಸೆಂಟರ್ ಸ್ಟ್ಯಾಂಡಿಗೆ ಎತ್ತುವುದು, ಇವೆಲ್ಲ ದಿನವೂ ಮಾಡಬೇಕಾದ ಕೆಲಸ. ಅಪ್ಪನೂ ಮಗನೂ ಒಂದೇ ಗಾಡಿ ಓಡಿಸುವ ಮನೆಯಲ್ಲಿ ಅಪ್ಪನ ತೋಳಿನ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಹ್ಯಾಂಡಲ್. ಬೆನ್ನು ನೇರವಾಗಿಟ್ಟು ಕೂತಾಗ ಮೊಣಕೈ ಸ್ವಲ್ಪ ಮಡಿದಿರಬೇಕು, ಮುಂಗೈ ಮೇಲೆ ಮೈಭಾರ ಬೀಳಬಾರದು. ಯುವಕರು ಇಷ್ಟಪಡುವ ಸ್ಪೋರ್ಟ್ಸ್ ಮಾದರಿಯ ಬೈಕುಗಳಲ್ಲಿ ಹ್ಯಾಂಡಲ್ ತಗ್ಗಿನಲ್ಲಿ, ಕಾಲಿಡುವ ಜಾಗ ಹಿಂದಕ್ಕೆ ಇರುತ್ತದೆ. ವೇಗದಲ್ಲಿ ಎದುರುಗಾಳಿ ಮೈಯನ್ನು ಸ್ವಲ್ಪ ಎತ್ತಿ ಹಿಡಿಯುವುದರಿಂದ ಆ ಭಂಗಿ ಹೊಂದುತ್ತದೆ. ಪೇಟೆಯ ನಿಧಾನಗತಿಯಲ್ಲಿ ಪೂರ್ತಿ ಭಾರ ಮುಂಗೈ ಮತ್ತು ಕುತ್ತಿಗೆಯ ಮೇಲೆಯೇ ಬೀಳುತ್ತದೆ. ಮಗ ಹಟ ಹಿಡಿದರೆ ಬೈಯುವುದು ಬೇಡ. ಗೆಳೆಯನ ಅಂಥ ಗಾಡಿಯನ್ನು ಎರಡು ದಿನ ಹೊಸೂರಿಗೆ ಓಡಿಸಿ ಬರಲು ಹೇಳಿ. ಮಿಕ್ಕದ್ದನ್ನು ಅವನ ಮುಂಗೈಯೇ ಹೇಳುತ್ತದೆ.

ಸೀಟು, ಕಂಪನ, ಚಕ್ರ

ಷೋರೂಮಿನಲ್ಲಿ ಮೆತ್ತಗೆ ಕಂಡ ಸೀಟೆಲ್ಲ ಸುಖ ಕೊಡುವುದಿಲ್ಲ. ತೀರ ಮೆತ್ತನೆಯ ಸ್ಪಂಜು ಭಾರಕ್ಕೆ ಅದುಮಿಕೊಂಡು, ಅರ್ಧ ಗಂಟೆ ಕಳೆಯುವುದರೊಳಗೆ ಕೆಳಗಿನ ಗಟ್ಟಿ ತಳ ಮೂಳೆಗೆ ತಗಲುತ್ತದೆ. ಅಗಲವಾದ, ಸಮತಟ್ಟಾದ, ಸ್ವಲ್ಪ ಗಟ್ಟಿಯೇ ಇರುವ ಸೀಟು ದೂರದ ದಾರಿಗೆ ಮೇಲು. ಮುಂದಕ್ಕೆ ಇಳಿಜಾರಾದ ಸೀಟಿನಲ್ಲಿ ಪ್ರತಿ ಬ್ರೇಕಿಗೂ ಮೈ ಟ್ಯಾಂಕಿನ ಕಡೆಗೆ ಜಾರುತ್ತದೆ.

ಕೈಕಾಲು ಜೋಮು ಹಿಡಿಯಲು ಎಂಜಿನ್ನಿನ ಕಂಪನವೂ ಒಂದು ಕಾರಣ. ಒಂದೇ ವೇಗಕ್ಕೆ ಸಣ್ಣ ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. 100 ಸಿ.ಸಿ. ಗಾಡಿ ಗಂಟೆಗೆ 45–50 ಕಿಲೋಮೀಟರಿನಲ್ಲಿ ಹಾಯಾಗಿ ಓಡುತ್ತದೆ. ಹೆದ್ದಾರಿಯಲ್ಲಿ ಲಾರಿಗಳ ಜೊತೆ ಸಾಗಬೇಕಾಗಿ ಬಂದು 65–70ಕ್ಕೆ ಏರಿಸಿದರೆ ಹಿಡಿಕೆಯೂ ಕಾಲಿನ ಪೆಗ್ಗೂ ನಡುಗತೊಡಗುತ್ತವೆ. ಆದುದರಿಂದ ಊರೊಳಗಿನ ಐದಾರು ಕಿಲೋಮೀಟರಿಗೆ 100 ಸಿ.ಸಿ. ಧಾರಾಳ ಸಾಕು. ರಾಯಕೋಟೆ–ಹೊಸೂರು ಬಗೆಯ ದಾರಿಗೆ 125 ಸಿ.ಸಿ. ವರ್ಗ ಹೆಚ್ಚು ಹೊಂದುತ್ತದೆ. ಭಾರ ಹೆಚ್ಚೇನೂ ಆಗುವುದಿಲ್ಲ, ಎಂಜಿನ್ ಮಾತ್ರ ಏದುಸಿರು ಬಿಡದೆ ಓಡುತ್ತದೆ.

ಚಕ್ರದ ಗಾತ್ರವನ್ನೂ ನೋಡಬೇಕು. ಬೈಕುಗಳ ಚಕ್ರ ಸಾಮಾನ್ಯವಾಗಿ 17 ಅಥವಾ 18 ಅಂಗುಲ, ಸ್ಕೂಟರುಗಳದು 10 ಅಥವಾ 12. ದೊಡ್ಡ ಚಕ್ರ ಗುಂಡಿಯನ್ನು ದಾಟಿ ಹೋಗುವ ಕಡೆ ಸಣ್ಣ ಚಕ್ರ ಗುಂಡಿಗೆ ಇಳಿಯುತ್ತದೆ. ಹೆಚ್ಚಿನ ಬೈಕುಗಳ ಹಿಂದಿನ ಶಾಕ್ ಅಬ್ಸಾರ್ಬರನ್ನು ಭಾರಕ್ಕೆ ತಕ್ಕಂತೆ ನಾಲ್ಕೈದು ಹಂತಗಳಲ್ಲಿ ಬಿಗಿ ಅಥವಾ ಸಡಿಲ ಮಾಡಬಹುದು ಎಂಬುದು ಬಹಳ ಮಂದಿಗೆ ಗೊತ್ತೇ ಇಲ್ಲ. ಒಬ್ಬರೇ ಹೋಗುವವರು ಸಡಿಲದಲ್ಲಿಯೂ, ಹಿಂದೆ ಸರಕು ಕಟ್ಟುವವರು ಬಿಗಿಯಲ್ಲಿಯೂ ಇಡುವಂತೆ ಮೆಕ್ಯಾನಿಕನಿಗೆ ಹೇಳಿದರೆ ಕ್ಷಣದ ಕೆಲಸ. ಟೈರಿನ ಗಾಳಿಯನ್ನು ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ತುಂಬಿಸಿ. ಮೈಲೇಜ್ ಆಸೆಗೆ ಅತಿಯಾಗಿ ತುಂಬಿಸಿದರೆ ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ತಿಳಿಯುತ್ತದೆ.

ಗೇರೋ, ಗೇರಿಲ್ಲದ ಸ್ಕೂಟರೋ?

ಹೊಸೂರಿನ ಬಸ್ ನಿಲ್ದಾಣದ ಸುತ್ತ, ಅಥವಾ ಇನ್ನೂ ಮುಂದೆ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದವರೆಗೆ ಹೋಗುವವರಿಗೆ ಎಡಗೈಯ ಕ್ಲಚ್ಚೇ ದೊಡ್ಡ ಶಿಕ್ಷೆ. ಅಂಥವರಿಗೆ ಗೇರಿಲ್ಲದ ಸ್ಕೂಟರು ವರದಾನ. ಮುಂದೆ ಕಾಲ ಬಳಿ ಸರಕಿನ ಚೀಲ ಇಡಬಹುದು, ಮನೆಯ ಹೆಣ್ಣುಮಕ್ಕಳೂ ಓಡಿಸಬಹುದು. ಆದರೆ ಹಾಳಾದ ರಸ್ತೆಯಲ್ಲಿ ಸಣ್ಣ ಚಕ್ರದ ಪೆಟ್ಟು ನೇರವಾಗಿ ಬೆನ್ನಿಗೆ ಎಂಬುದು ನೆನಪಿರಲಿ.

ವಿದ್ಯುತ್ ಸ್ಕೂಟರಿನಲ್ಲಿ ಎಂಜಿನ್ನಿನ ಕಂಪನ ಇಲ್ಲ, ಗೇರು ಇಲ್ಲ. ದಿನಕ್ಕೆ 60 ಕಿಲೋಮೀಟರು ಓಡುವವರು ಕಂಪನಿ ಹೇಳುವ ದೂರವನ್ನು ಪೂರ್ತಿ ನಂಬದೆ, ಇಬ್ಬರು ಕೂತಾಗ, ಏರುದಾರಿಯಲ್ಲಿ, ಬ್ಯಾಟರಿ ಹಳತಾದಾಗ ಎಷ್ಟು ಓಡೀತು ಎಂದು ವಿಚಾರಿಸಿ, ಸಾಕಷ್ಟು ಮಿಗುವಂಥದನ್ನೇ ಆರಿಸಬೇಕು. ಮನೆಯಲ್ಲಿ ರಾತ್ರಿ ಚಾರ್ಜ್ ಮಾಡಲು ಸರಿಯಾದ ಅರ್ಥಿಂಗ್ ಇರುವ ಪ್ಲಗ್ ಇದೆಯೇ ಎಂಬುದನ್ನು ಮೊದಲು ನೋಡಿ, ಆಮೇಲೆ ಮುಂಗಡ ಕೊಡಿ.

ಹಿಂದೆ ಕೂರುವವರು

ನಮ್ಮ ಮನೆಗಳಲ್ಲಿ ಬೈಕು ಎಂದರೆ ಒಬ್ಬರ ಸ್ವತ್ತಲ್ಲ. ತಾಯಿಯವರು ಅದರ ಮೇಲೆಯೇ ದರ್ಶನಕ್ಕೆ ಹೋಗಬೇಕು, ಸೊಸೆ ಅದರ ಮೇಲೆಯೇ ತವರಿಗೆ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಹೇಳಿದೆ. ಸೀರೆ ಗಾರ್ಡ್ ಚೆನ್ನಾಗಿ ಕಾಣುವುದಿಲ್ಲವೆಂದು ಬಿಚ್ಚಿಸಿ ಹಾಕುವ ಹುಡುಗರಿದ್ದಾರೆ. ಸೆರಗು ಚಕ್ರಕ್ಕೆ ಸಿಕ್ಕ ಸುದ್ದಿಯನ್ನು ಒಮ್ಮೆ ಕೇಳಿದವರು ಹಾಗೆ ಮಾಡುವುದಿಲ್ಲ. ಕೊಳ್ಳುವ ದಿನ ತಾಯಿಯವರನ್ನೋ ಮಡದಿಯನ್ನೋ ಕರೆದುಕೊಂಡು ಹೋಗಿ ಹಿಂದೆ ಕೂರಿಸಿ ನೋಡಿ. ಹಿಂದಿನ ಸೀಟು ಎತ್ತರವಾಗಿ, ಕಿರಿದಾಗಿದ್ದರೆ ಅವರು ಬಾಯಿ ಬಿಟ್ಟು ಹೇಳದಿದ್ದರೂ ಮುಖದಲ್ಲಿ ತಿಳಿಯುತ್ತದೆ.

ಬ್ರೇಕು, ಹೆಲ್ಮೆಟ್ಟು ಮತ್ತು ಸಂಜೆಯ ಆತುರ

2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ. ಅದಕ್ಕಿಂತ ಸಣ್ಣವಕ್ಕೆ ಎರಡೂ ಚಕ್ರದ ಬ್ರೇಕನ್ನು ಒಟ್ಟಿಗೆ ಹಿಡಿಯುವ ಸಿ.ಬಿ.ಎಸ್. ಆದರೂ ಇರಬೇಕು. ಅದಕ್ಕೂ ಹಿಂದಿನ ಹಳೆಯ ಗಾಡಿ ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು. ಹೆಲ್ಮೆಟ್ಟು ಓಡಿಸುವವರಿಗೂ ಹಿಂದೆ ಕೂರುವವರಿಗೂ ಬೇಕು. 2021ರ ಜೂನ್‌ನಿಂದ ಐ.ಎಸ್.ಐ. ಮುದ್ರೆಯಿಲ್ಲದ ಹೆಲ್ಮೆಟ್ಟಿನ ಮಾರಾಟಕ್ಕೇ ಅವಕಾಶವಿಲ್ಲ. ಕೈಗವಸು, ಜಾಕೆಟ್ಟು ಕೊಳ್ಳುವಾಗ ಚರ್ಮದ್ದೇ ಆಗಬೇಕೆಂದೇನೂ ಇಲ್ಲ. ದಪ್ಪ ಬಟ್ಟೆಯವು ಚೆನ್ನಾಗಿಯೇ ಸಿಗುತ್ತವೆ.

ನಮ್ಮ ಸಮಾಜದವರು ವಿಶೇಷವಾಗಿ ಗಮನಿಸಬೇಕಾದದ್ದು ಇನ್ನೊಂದಿದೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಿಯಮದವರು ಸಂಜೆ ಅಂಗಡಿಯಿಂದ ಹೊರಡುವುದು ತಡವಾದರೆ ಬೈಕಿನ ವೇಗ ತಾನಾಗಿಯೇ ಏರುತ್ತದೆ. ಮುಳುಗುವ ಬಿಸಿಲು, ಪಕ್ಕದಲ್ಲಿ ಲಾರಿ, ಮನಸ್ಸೆಲ್ಲ ಮನೆಯ ತಟ್ಟೆಯ ಮೇಲೆ. ಎಷ್ಟು ಒಳ್ಳೆಯ ಗಾಡಿಯೂ ಈ ಆತುರದಿಂದ ಕಾಪಾಡಲಾರದು. ಸಂಜೆಯ ಊಟವನ್ನು ಡಬ್ಬಿಯಲ್ಲಿ ಒಯ್ದು ಅಂಗಡಿಯಲ್ಲೇ ಮುಗಿಸಿ ಹೊರಟರೆ ನಿಯಮವೂ ಉಳಿಯಿತು, ಜೀವವೂ ಉಳಿಯಿತು. ಮನೆಯ ಹೆಂಗಸರು ಕಟ್ಟಿಕೊಡುವ ಆ ಒಂದು ಡಬ್ಬಿ ಯಾವ ಬ್ರೇಕಿಗಿಂತಲೂ ಕಡಿಮೆಯದಲ್ಲ.

ಗಡಿಯವರಿಗೆ ಒಂದು ಕಿವಿಮಾತು

ಬೆಂಗಳೂರಿನಲ್ಲಿ ನೆಂಟರಿರುವ ಕಾರಣ ಅಲ್ಲಿಯೇ ಕೆ.ಎ. ನೋಂದಣಿಯ ಗಾಡಿ ಕೊಂಡು ಇಲ್ಲಿ ಓಡಿಸುವವರಿದ್ದಾರೆ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನೋಂದಣಿ ಪಡೆಯಬೇಕೆಂಬುದು ಮೋಟಾರು ವಾಹನ ಕಾಯಿದೆಯ ನಿಯಮ. ನಿರಾಕ್ಷೇಪಣಾ ಪತ್ರ, ತೆರಿಗೆ ಎಂದು ಓಡಾಡುವುದಕ್ಕಿಂತ ವಾಸ ಇರುವ ಕಡೆಯೇ ಟಿ.ಎನ್. ನೋಂದಣಿ ಮಾಡಿಸುವುದು ಲೇಸು.

ಕೊಳ್ಳುವ ಮುಂಚೆ

ಷೋರೂಮಿನ ಮುಂದೆ ಒಂದು ಸುತ್ತು ಹೊಡೆದು ತೀರ್ಮಾನಿಸಬೇಡಿ. ಅರ್ಧ ಗಂಟೆಯಾದರೂ, ಸಾಧ್ಯವಿದ್ದರೆ ನೀವು ದಿನವೂ ಹೋಗುವ ದಾರಿಯಲ್ಲೇ ಓಡಿಸಿ. ಇಳಿದ ಮೇಲೆ ಮುಂಗೈ, ಕುತ್ತಿಗೆ, ಸೊಂಟ, ಮಂಡಿ ಈ ನಾಲ್ಕನ್ನೂ ವಿಚಾರಿಸಿಕೊಳ್ಳಿ. ಕೊಂಡ ಮೇಲೂ ಹೆಗಲಿಗೆ ಭಾರದ ಚೀಲ ತೂಗುಹಾಕದೆ ಗಾಡಿಗೇ ಪೆಟ್ಟಿಗೆ ಹಾಕಿಸಿ. ಮಧ್ಯದಲ್ಲಿ ಉದ್ದನಪಳ್ಳಿಯಂಥ ಕಡೆ ಐದು ನಿಮಿಷ ಇಳಿದು ಸೊಂಟ ಸಡಿಲಿಸಿ. ಮೊದಲೇ ಬೆನ್ನುಮೂಳೆಯ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ದಾರಿಗೆ ಬೈಕು ಹಿಡಿಯಬಾರದು. ಅವರಿಗೆ ಹೊಸೂರಿನ ಬಸ್ಸು ಇದೆ, ಹೊತ್ತು ಹೊಂದಿದರೆ ರಾಯಕೋಟೆಯ ರೈಲು ನಿಲ್ದಾಣವೂ ಇದೆ.

ಅಂಗಡಿಯ ಬಂಡವಾಳವನ್ನು ಜೋಪಾನ ಮಾಡುವುದು ನಮಗೆ ಹಿರಿಯರಿಂದ ಬಂದ ಗುಣ. ದುಡಿಯುವವನ ದೇಹವೂ ಆ ಬಂಡವಾಳಕ್ಕೆ ಸೇರಿದ್ದು. ಈ ಬಾರಿ ಗಾಡಿ ಕೊಳ್ಳಲು ಹೊರಡುವ ಕುಟುಂಬದವರು ಬೆಲೆ, ಮೈಲೇಜ್, ಮರುಮಾರಾಟದ ಜೊತೆಗೆ ನಾಲ್ಕನೆಯ ಪ್ರಶ್ನೆಯನ್ನೂ ಕೇಳಲಿ, ಅದಕ್ಕೆ ಉತ್ತರವನ್ನು ಮಾರುವವನ ಬಾಯಿಂದಲ್ಲ, ಓಡಿಸುವವನ ಮೈಯಿಂದ ಪಡೆಯಲಿ.